ಸೌದಿಗೆ ಹೊರಡುವ ಮುಂಚೆ ಇಕಾಮಾದ ಲೆಕ್ಕ

ಶಿವಮೊಗ್ಗ, ಸಾಗರ, ಶಿಕಾರಿಪುರದ ಕಡೆಯಿಂದ ಸೌದಿಗೆ ಹೊರಟ ಹುಡುಗನನ್ನು ಮನೆಯವರು ಮೊದಲು ಕೇಳುವುದು ಸಂಬಳ ಎಷ್ಟು ಅಂತ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಎರಡಿವೆ: ಇಕಾಮಾದಲ್ಲಿ (ಸೌದಿಯಲ್ಲಿ ಇರಲು ಕೊಡುವ ವಾಸದ ಪರವಾನಗಿ) ಕಫೀಲ್, ಅಂದರೆ ನಿಮ್ಮನ್ನು ಕರೆಸಿಕೊಂಡ ಪ್ರಾಯೋಜಕ ಯಾರು, ಕೆಲಸ ಏನಂತ ಬರೆದಿದೆ.

‘ಫ್ರೀ ವೀಸಾ’ ಅನ್ನುವುದೊಂದು ಸೌದಿ ಕಾನೂನಿನಲ್ಲಿ ಇಲ್ಲವೇ ಇಲ್ಲ. ನಡೆಯುವುದು ಇಷ್ಟು: ಯಾರೋ ತನ್ನ ಹೆಸರಲ್ಲಿ ವೀಸಾ ಕೊಡುತ್ತಾನೆ, ಕೆಲಸ ನೀವೇ ಹುಡುಕಿಕೊಳ್ಳಬೇಕು, ಖರ್ಚೆಲ್ಲ ನಿಮ್ಮದೇ. ಸೌದಿಯವರಿಗಿಂತ ಹೊರದೇಶದವರೇ ಹೆಚ್ಚಿರುವ ಸಂಸ್ಥೆಯಲ್ಲಿ ಹೊರದೇಶದವರ ತಲೆಗೆ ತಿಂಗಳಿಗೆ 800 ರಿಯಾಲ್ ಲೆವಿ, ಅಂದರೆ ಸರ್ಕಾರಕ್ಕೆ ಕಟ್ಟುವ ಶುಲ್ಕ (ಸಣ್ಣ ಅಂಗಡಿಗಳಿಗೆ ಒಂದಿಷ್ಟು ವಿನಾಯಿತಿ ಇದೆ). ವರ್ಷಕ್ಕೆ 9,600. ಇಕಾಮಾ ಶುಲ್ಕ 650 ಸೇರಿಸಿದರೆ 10,250 ರಿಯಾಲ್. 2,500 ರಿಯಾಲ್ ದುಡಿಯುವವನಿಗೆ ನಾಲ್ಕು ತಿಂಗಳ ಸಂಬಳ ಇಲ್ಲೇ ಹೋಯಿತು, ಕಫೀಲನ ಕೈಬಿಸಿ ಬೇರೆ. ಇಷ್ಟು ಕೊಟ್ಟರೂ ಬೇರೆಯವರ ಹತ್ತಿರ ದುಡಿಯುವುದು ಅಲ್ಲಿ ಅಪರಾಧವೇ. ಕಫೀಲ್ ಸಿಟ್ಟಾಗಿ ‘ಹುರೂಬ್’ ಹಾಕಿದರೆ, ಅಂದರೆ ಕೆಲಸ ಬಿಟ್ಟು ಓಡಿದ್ದಾನೆ ಅಂತ ದೂರು ಕೊಟ್ಟರೆ, ಗಡೀಪಾರಿನವರೆಗೂ ಹೋಗಬಹುದು.

ಕಾರ್ಮಿಕ ಕಾನೂನಿನ 40ನೇ ಕಲಮಿನ ಪ್ರಕಾರ ಇಕಾಮಾ, ವರ್ಕ್ ಪರ್ಮಿಟ್, ಅವುಗಳ ನವೀಕರಣ, ಕರಾರು ಮುಗಿದ ಮೇಲೆ ಊರಿಗೆ ಟಿಕೆಟ್, ಎಲ್ಲವೂ ಮಾಲೀಕನ ತಲೆಗೆ. ‘ಇಕಾಮಾ ಖರ್ಚು ನಿಮ್ಮದು’ ಅಂತ ಏಜೆಂಟ್ ಬಾಯಿಬಿಟ್ಟರೆ ಮಾತು ಅಲ್ಲಿಗೇ ನಿಲ್ಲಿಸಿ.

ಇನ್ನು ಕೆಲಸದ ಹೆಸರು. 2021ರ ಮಾರ್ಚ್ 14ರಿಂದ ಜಾರಿಗೆ ಬಂದ ಸುಧಾರಣೆಯಂತೆ, ಒಂದು ವರ್ಷ ದುಡಿದವನು ಮಾಲೀಕನ ಒಪ್ಪಿಗೆಯಿಲ್ಲದೆ ಬೇರೆ ಕಂಪನಿಗೆ ಬದಲಾಗಬಹುದು. ರಜೆಗೆ ಊರಿಗೆ ಬರಲೂ ಅವನ ಅನುಮತಿ ಬೇಡ. ಆದರೆ ಮನೆಗೆಲಸದವರು, ಮನೆ ಡ್ರೈವರ್, ತೋಟದ ಆಳು, ಕುರಿ ಕಾಯುವವರು ಈ ಸುಧಾರಣೆಯಿಂದ ಹೊರಗೆ. ಹಿಡಿಯುವುದು ಅದೇ ಸ್ಟೇರಿಂಗ್. ಹೌಸ್ ಡ್ರೈವರ್ ವೀಸಾದವನಿಗೆ ಒಂದು ನಿಯಮ, ಕಂಪನಿ ಡ್ರೈವರ್‌ಗೆ ಇನ್ನೊಂದು. ಸಂಬಳ ನೂರಿನ್ನೂರು ರಿಯಾಲ್ ಕಮ್ಮಿಯಾದರೂ ಕಂಪನಿ ವೀಸಾವೇ ವಾಸಿ.

ಕಂಪನಿಯ ‘ನಿತಾಖಾತ್’ ಬಣ್ಣವನ್ನೂ ವಿಚಾರಿಸಿ. ಸೌದಿಯವರಿಗೆ ಎಷ್ಟು ಕೆಲಸ ಕೊಟ್ಟಿದೆ ಅನ್ನುವುದರ ಮೇಲೆ 2011ರಿಂದ ಕಂಪನಿಗಳಿಗೆ ದರ್ಜೆ ಹಾಕುತ್ತಾರೆ. ಕೆಂಪಿಗಿಳಿದ ಕಂಪನಿಗೆ ಹೊಸ ವೀಸಾ ಸಿಗುವುದಿಲ್ಲ. ಕೆಲವು ಕಸುಬುಗಳ ಬಾಗಿಲೇ ಮುಚ್ಚಿದೆ: ಮೊಬೈಲ್ ಮಾರಾಟ, ರಿಪೇರಿ 2016ರಿಂದ ಸೌದಿಯವರಿಗೆ ಮೀಸಲು. ಇಲ್ಲಿ ಮೊಬೈಲ್ ರಿಪೇರಿ ಕೋರ್ಸ್ ಮುಗಿಸಿ ಅಲ್ಲಿ ಅದೇ ಕೆಲಸ ಸಿಗುತ್ತದೆ ಅಂತ ಅಡಿಕೆ ದುಡ್ಡು ಸುರಿಯಬೇಡಿ.

ಏಜೆಂಟ್ ನೋಂದಾಯಿತನೋ ಅಲ್ಲವೋ ಅನ್ನುವುದು ಭಾರತ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲೇ ಸಿಗುತ್ತದೆ. ಅವನು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ರಸೀದಿ ಕೇಳಿ ಪಡೆಯಿರಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ತಪಾಸಣೆ ಬೇಕಾದದ್ದು). ಅಂಥವರಿಗೆ ಹೋಗುವ ಮುಂಚೆ ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗಲು ನಮ್ಮ ಸರ್ಕಾರದ ಅನುಮತಿ, ಬೇಕೇ ಬೇಕು. ಅದರ ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷದ ಅಪಘಾತ ವಿಮೆ ಬರುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ. ‘ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಿಸೋಣ’ ಅನ್ನುವವನು ಈ ಜರಡಿಯನ್ನು ತಪ್ಪಿಸಲೆಂದೇ ಹಾಗೆ ಹೇಳುವುದು.

ಬಿಟ್ಟು ಬರುವಾಗಲೂ ಲೆಕ್ಕ ಇರಲಿ. ಕಂಪನಿ ಕೆಲಸದಲ್ಲಿ ಮೊದಲ ಐದು ವರ್ಷ, ವರ್ಷಕ್ಕೆ ಅರ್ಧ ತಿಂಗಳ ಸಂಬಳ ಗ್ರಾಚ್ಯುಟಿ. 2,000 ರಿಯಾಲ್ ಸಂಬಳದವನು ನಾಲ್ಕು ವರ್ಷದ ಕರಾರು ಮುಗಿಸಿದರೆ 4,000 ಸಿಗುತ್ತದೆ. ಅಷ್ಟೇ ದುಡಿದು ಮಧ್ಯದಲ್ಲಿ ತಾನೇ ರಾಜೀನಾಮೆ ಕೊಟ್ಟರೆ ಮೂರರಲ್ಲಿ ಒಂದು ಪಾಲು. ಎರಡು ವರ್ಷ ತುಂಬುವ ಮೊದಲು ಬಿಟ್ಟರೆ ಏನೂ ಇಲ್ಲ.