ಎಷ್ಟೊಂದು ಮರ ಯಾಕೋ?

2025 ಜನವರಿ 11, ಶನಿವಾರ
ಮೈಸೂರು, ರಾತ್ರಿ 10.40

ಅಮ್ಮ ಇನ್ನೂ ಕೊಬ್ಬರಿ ಹೆಚ್ಚುತ್ತಿದ್ದಾಳೆ. ಮಂಗಳವಾರ ಸಂಕ್ರಾಂತಿ. ಹೆಚ್ಚಿಟ್ಟಿದ್ದೇ ಅಂಗಡಿಯಲ್ಲಿ ಪೊಟ್ಟಣ ಕಟ್ಟಿ ಮಾರ್ತಾರಲ್ಲ ಅಂದರೆ, "ಅದನ್ನ ನಿಮ್ಮ ಆಫೀಸಿನವರಿಗೆ ಕೊಟ್ಕೋ" ಅಂತಾಳೆ. ನಿನ್ನೆ ವೈಕುಂಠ ಏಕಾದಶಿ ಅಂತ ಉಪವಾಸ ಇದ್ದವಳು, ಇವತ್ತು ಹತ್ತೂವರೆಯಾದರೂ ಅಡಕತ್ತರಿ ಕೆಳಗಿಟ್ಟಿಲ್ಲ. ಕೊಬ್ಬರಿಯ ಮೇಲಿನ ಕಪ್ಪನ್ನೆಲ್ಲ ಹೆರೆದು, ಬಿಳಿ ಚೂರು ಮಾತ್ರ ಪೇಪರ್ ಮೇಲೆ ಹರಡಿದ್ದಾಳೆ. ಹೆರೆದ ಕಪ್ಪಿನದು ಪಕ್ಕದಲ್ಲಿ ಒಂದು ಸಣ್ಣ ಗುಡ್ಡೆ. ಅಲ್ಲೂ ನನ್ನ ಕಣ್ಣು ಫೋಟೋಗೆ ಫ್ರೇಮ್ ಹುಡುಕಿತು. ಇದು ವಾಸಿಯಾಗುವ ರೋಗ ಅಲ್ಲ.

ಸಂಜೆ ಸ್ಟುಡಿಯೋ ಮಾಮನ ಮನೆಗೆ ಹೋಗಿದ್ದೆ. ಅದನ್ನೇ ಬರೆಯಬೇಕು ಅಂತ ಕೂತಿದ್ದು.

ನಾರ್ಕಂಡದಿಂದ ಬಂದು ಹನ್ನೊಂದು ದಿನ ಆಯ್ತು. ಬಂದ ದಿನವೇ ಮಾಮ ಫೋನ್ ಮಾಡಿ "ಫೋಟೋ ಯಾವಾಗ ತೋರಿಸ್ತೀಯೋ" ಅಂದಿದ್ದರು. ಆರಿಸಬೇಕು ಮಾಮ, ಸಾವಿರದ ಚಿಲ್ಲರೆ ಇದೆ ಅಂತ ಹೇಳಿ ಮುಂದೂಡುತ್ತಾ ಬಂದೆ. ನಿಜ ಹೇಳಬೇಕೆಂದರೆ ಆರಿಸುವ ಕೆಲಸ ಮೂರೇ ದಿನದಲ್ಲಿ ಮುಗಿದಿತ್ತು. ಅವರಿಗೆ ತೋರಿಸೋಕೆ ಹೆದರಿಕೆ. ಮೂವತ್ತೈದು ವರ್ಷ ಸ್ಟುಡಿಯೋ ನಡೆಸಿದ ಮನುಷ್ಯ. ಚೆನ್ನಾಗಿಲ್ಲ ಅಂತ ಬಾಯಿಬಿಟ್ಟು ಹೇಳುವವರಲ್ಲ. "ಮುಂದೆ" ಅಂತಾರೆ, ಅಷ್ಟೆ. ಆ "ಮುಂದೆ" ಕೇಳಿ ಗೊತ್ತಿದ್ದವರಿಗೇ ಗೊತ್ತು.

ನಾರ್ಕಂಡ ಅಂದರೆ ಶಿಮ್ಲಾದಿಂದ ಮುಂದೆ 60 ಚಿಲ್ಲರೆ ಕಿಲೋಮೀಟರ್. ಸುಮಾರು 2,700 ಮೀಟರ್ ಎತ್ತರ. ನಮ್ಮ ಚಾಮುಂಡಿ ಬೆಟ್ಟದ ತುದಿಯೇ ಸಾವಿರದ ಮೇಲೆ ಸ್ವಲ್ಪ, ಲೆಕ್ಕ ಹಾಕಿಕೊಳ್ಳಿ. ಸುತ್ತ ದೇವದಾರು, ಫರ್, ಸ್ಪ್ರೂಸ್, ಮಧ್ಯೆ ಮಧ್ಯೆ ಓಕ್. ಇಳಿಜಾರಿನಲ್ಲೆಲ್ಲ ಸೇಬಿನ ತೋಟ. ಕಾರಿನ ಕಿಟಕಿಯಿಂದ ನೋಡಿದರೆ ಸ್ವರ್ಗ. ಇಳಿದು ಕ್ಯಾಮೆರಾ ಕಣ್ಣಿಗೆ ಹಿಡಿದರೆ ಸಂತೆ.

ಮಂಜು ಬಿದ್ದರೆ ಕಾಡು ಸರಳವಾಗುತ್ತೆ ಅಂತ ಎಲ್ಲರೂ ಹೇಳ್ತಾರೆ. ನಾನೂ ಅದನ್ನೇ ನಂಬಿ ಹೋಗಿದ್ದೆ. ಅದು ಅರ್ಧ ಸತ್ಯ. ನೆಲ ಸರಳವಾಗುತ್ತೆ, ಹೌದು. ಒಣ ಎಲೆ, ಕಳೆ, ಕಲ್ಲು, ಯಾರೋ ಎಸೆದ ಚಿಪ್ಸ್ ಕವರ್, ಎಲ್ಲ ಮುಚ್ಚಿಹೋಗುತ್ತೆ. ಆದರೆ ತಲೆಯ ಮೇಲಿನ ಕಥೆ ಉಲ್ಟಾ. ಒಂದೊಂದು ಕಡ್ಡಿಯ ಮೇಲೂ ಒಂದು ಬಿಳಿ ಗೆರೆ ಕೂರುತ್ತೆ. ಮೊದಲು ಒಂದು ಕಡ್ಡಿ ಇದ್ದ ಕಡೆ ಈಗ ಎರಡು, ಒಂದು ಕಪ್ಪು, ಒಂದು ಬಿಳಿ. ಎಲೆ ಉದುರಿದ ಸೇಬಿನ ಮರಗಳಲ್ಲಂತೂ ಕಣ್ಣಿಗೆ ನಿಲ್ಲೋಕೆ ಒಂದು ಜಾಗ ಇಲ್ಲ. ಹುಡುಗರು ಪೆನ್ಸಿಲ್‌ನಲ್ಲಿ ಗೀಚಿದ ಗೋಡೆ ತರ. ಅದರ ಮೇಲೆ ಬಿಸಿಲು ಬಂದರೆ ಮುಗಿದೇ ಹೋಯ್ತು. ಕೊಂಬೆಗಳ ಸಂದಿನಲ್ಲೆಲ್ಲ ಆಕಾಶದ ತೂತು, ನೆಲದ ಮೇಲೆಲ್ಲ ಪಟ್ಟೆ ಪಟ್ಟೆ ನೆರಳು.

ಮೊದಲ ಎರಡು ದಿನದ ಫೋಟೋ ಪೂರ್ತಿ ಹಾಗೇ. ಅದೂ ಸಾಲದು ಅಂತ ಬೂದು ಬಣ್ಣ ಬೇರೆ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್‌ನ ಮಾತು ಕೇಳಿದ್ದು ತಪ್ಪು. ಅದಕ್ಕೆ ಇಡೀ ಜಗತ್ತು ನಡುಬೂದು ಬಣ್ಣದ್ದೇ. ಬಿಳಿಯನ್ನು ತೋರಿಸಿದರೆ, ಓಹೋ ಬೆಳಕು ಜಾಸ್ತಿಯಾಯ್ತು ಅಂದುಕೊಂಡು ತಗ್ಗಿಸುತ್ತೆ. ಒಂದರಿಂದ ಎರಡು ಸ್ಟಾಪ್ ನಾವೇ ಏರಿಸಬೇಕು, ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು. ಓದಿ ಗೊತ್ತಿತ್ತು. ಚಳಿಯಲ್ಲಿ ಬೆರಳು ಮರಗಟ್ಟಿದಾಗ ಓದಿದ್ದು ಎಲ್ಲಿ ನೆನಪಾಗುತ್ತೆ?

ಇದನ್ನು ಹೇಳಿದಾಗ ಮಾಮ ನಕ್ಕರು. "ಬಿಳಿ ಪಂಚೆ ಕಣೋ ಅದು."

"ಯಾವ ಪಂಚೆ ಮಾಮ?"

"ಮದುವೆ ಮನೇಲಿ ಬಿಳಿ ಪಂಚೆ, ಬಿಳಿ ಶಲ್ಯದವರು ಹತ್ತು ಜನ ಸಾಲಾಗಿ ನಿಂತ್ರೆ ಮೀಟರ್ ಮೋಸ ಹೋಗುತ್ತೆ. ಅದು ಹೇಳಿದ ಹಾಗೆ ತೆಗೆದ್ರೆ ಎಲ್ಲಾ ಪಂಚೆನೂ ವಾರದಿಂದ ಒಗೆದೇ ಇಲ್ವೇನೋ ಅನ್ನೋ ಹಾಗೆ ಬರುತ್ತೆ. ಬೀಗರ ಹತ್ರ ಬೈಸ್ಕೊಂಡಿದ್ದೀನಿ. ಆಮೇಲಿಂದ ಪಂಚೆ ಜಾಸ್ತಿ ಕಂಡ್ರೆ ಒಂದು ಸ್ಟಾಪ್ ಏರಿಸ್ತಿದ್ದೆ."

ನಾನು ಮೂರು ಸಾವಿರ ಕಿಲೋಮೀಟರ್ ದೂರ ಹೋಗಿ ಕಲಿತದ್ದನ್ನು ಇವರು ಮೈಸೂರಿನ ಛತ್ರದಲ್ಲೇ ಕಲಿತಿದ್ದರು.

ಲ್ಯಾಪ್‌ಟಾಪ್ ಊಟದ ಮೇಜಿನ ಮೇಲಿಟ್ಟೆ. ಮಾಮ ತೀರಾ ಹತ್ತಿರ ಬಗ್ಗಿದರು. ಬಿಸಿಲಿಗೆ ಹಿಡಿದ ಹಾಗೆ ಹುಬ್ಬಿನ ಮೇಲೆ ಕೈ ಇಟ್ಟುಕೊಂಡರು. ಮೊದಲನೆಯದು ಹಾಟು ಬೆಟ್ಟದ ದಾರಿ, ಎರಡೂ ಕಡೆ ದೇವದಾರು, ಮಂಜು ಹೊತ್ತ ಕೊಂಬೆಗಳು ಅಟ್ಟ ಅಟ್ಟವಾಗಿ. ನನಗೆ ಬಹಳ ಇಷ್ಟವಾದದ್ದು. "ಮುಂದೆ." ಎರಡನೆಯದು. "ಮುಂದೆ." ಮೂರು, ನಾಲ್ಕು, ಹತ್ತು. ಅತ್ತೆ ಕಾಫಿ ತಂದಿಟ್ಟರು. "ಮುಂದೆ."

"ಎಷ್ಟೊಂದು ಮರ ಯಾಕೋ?" ಅಂದರು ಒಂದು ಸಲ.

"ಕಾಡಲ್ವಾ ಮಾಮ."

"ಕಾಡು ಅಲ್ಲಿರುತ್ತೆ. ನೀನು ತಂದಿದ್ದು ಏನು ಅಂತ ಕೇಳ್ತಿರೋದು."

ನಾನು ಸುಮ್ಮನಾದೆ.

ನಲವತ್ತೋ ಐವತ್ತೋ ಆದಮೇಲೆ ಒಂದು ಫೋಟೋ ದಾಟಿಸಿದೆ. ಅದು ಪಟ್ಟಿಯಲ್ಲಿ ಇರಲೇಬಾರದಿತ್ತು, ಅಳಿಸೋಣ ಅಂತ ಬೇರೆ ಇಟ್ಟಿದ್ದು ಹೇಗೋ ಸೇರಿಕೊಂಡಿತ್ತು. "ತಡಿ, ಹಿಂದೆ ಹೋಗು" ಅಂದರು.

ಅದನ್ನು ತೆಗೆದದ್ದು ನಾಲ್ಕನೇ ದಿನ. ಹಾಟು ಕಡೆಗೆ ಹೋಗುವ ರಸ್ತೆಗೆ ಚಳಿಗಾಲದಲ್ಲಿ ಕಾರು ಹತ್ತಲ್ಲ, ನಡೆಯಬೇಕು. ಮಂಜು ಬೀಳುತ್ತಿತ್ತು. ಒಂದು ತಿರುವಿನಲ್ಲಿ ಉಸಿರು ಸಿಕ್ಕಲಿಲ್ಲ ಅಂತ ಕಲ್ಲಿನ ಮೇಲೆ ಕೂತೆ. ಕ್ಯಾಮೆರಾದಲ್ಲಿ ದೂರದ್ದನ್ನು ಹತ್ತಿರ ಎಳೆಯುವ 70-200 ಲೆನ್ಸ್ ಇತ್ತು. ವೈಡ್ ಲೆನ್ಸ್ ಹಾಕೋಣ ಅಂದರೆ ಗ್ಲೌಸ್ ಬಿಚ್ಚಬೇಕು, ಬಿಚ್ಚಿದರೆ ಬೆರಳು ಕೈಗೆ ಬರಲ್ಲ. ಸೋಮಾರಿತನದಿಂದ ಹಾಗೇ 200ಕ್ಕೆ ಎಳೆದು ಎದುರಿನ ಇಳಿಜಾರು ನೋಡುತ್ತಾ ಕೂತೆ. ಅಷ್ಟು ಉದ್ದದ ಲೆನ್ಸ್‌ನಲ್ಲಿ ಆಕಾಶವೂ ಸಿಗಲ್ಲ, ಕಾಲ ಕೆಳಗಿನ ನೆಲವೂ ಸಿಗಲ್ಲ. ಸಿಗೋದು ಕಾಡಿನ ಒಂದು ಚೂರು. ಬೀಳುತ್ತಿದ್ದ ಮಂಜು ಹಿಂದಿನ ಮರಗಳನ್ನು ಒಂದೊಂದಾಗಿ ಒರೆಸಿಹಾಕುತ್ತಿತ್ತು. ಎಡಗಡೆ ಒಂದು ದಪ್ಪ ದೇವದಾರು ಕಾಂಡ, ಕಪ್ಪಗೆ. ಅದರ ಹಿಂದೆ ಮೂರು ಕಾಂಡ, ಒಂದಕ್ಕಿಂತ ಒಂದು ತೆಳು, ಕೊನೆಯದು ಇದೆಯೋ ಇಲ್ಲವೋ ಅನ್ನುವಷ್ಟು. ಒಂದರ ಮೇಲೊಂದು ಬೀಳದೆ ಬಿಡಿ ಬಿಡಿಯಾಗಿ ನಿಂತಿದ್ದವು. ನಡುವೆ ಒಂದು ಎಳೆ ಸಸಿ, ಆರು ವರ್ಷದ ಮಗುವಿನಷ್ಟು ಎತ್ತರ ಇದ್ದಿರಬೇಕು. ತಲೆ ಮೇಲಿನ ಮಂಜಿನ ಭಾರಕ್ಕೆ ಬಾಗಿ ಬಾಗಿ ತುದಿ ನೆಲ ಮುಟ್ಟಿತ್ತು. ಅಷ್ಟೇ. ಮಿಕ್ಕಿದ್ದೆಲ್ಲ ಖಾಲಿ.

ರೂಮಿಗೆ ಬಂದು ನೋಡಿದಾಗ ಏನೂ ಇಲ್ಲವಲ್ಲ ಅನ್ನಿಸಿತು. ಇಷ್ಟು ಖರ್ಚು ಮಾಡಿಕೊಂಡು ಬಂದು ನಾಲ್ಕು ಕಡ್ಡಿ ತೆಗೆದೆನಾ ಅಂತ.

ಮಾಮ ಬಹಳ ಹೊತ್ತು ನೋಡಿದರು. ಕಾಫಿ ಆರಿತು. ಅತ್ತೆ ಒಳಗಿಂದ ಎರಡು ಸಲ ಕೂಗಿದರು.

"ಇದನ್ನ ನಾನು ನೋಡಿದ್ದೀನಿ ಕಣೋ" ಅಂದರು.

"ನಾರ್ಕಂಡಕ್ಕೆ ಹೋಗಿದ್ರಾ?"

"ಎಲ್ಲಿ ಹೋಗ್ಲಿ. ದೊಡ್ಡ ಕ್ಯಾಮೆರಾ ಇತ್ತಲ್ಲ, ಕಪ್ಪು ಬಟ್ಟೆ ಹೊದ್ಕೊಂಡು ನೋಡೋದು. ಅದರ ಗಾಜಿನ ಮೇಲೆ ಎಲ್ಲಾ ತಲೆಕೆಳಗೆ ಕಾಣೋದು, ಎಡ ಬಲ, ಬಲ ಎಡ. ಮೊದಮೊದಲು ತಲೆ ತಿರುಗ್ತಿತ್ತು. ಆಮೇಲೆ ಒಂದು ದಿನ ಗೊತ್ತಾಯ್ತು, ತಲೆಕೆಳಗಾದಾಗ ಮೂಗು ಮೂಗಲ್ಲ, ಸೀರೆ ಸೀರೆಯಲ್ಲ. ಇಲ್ಲಿ ಕಪ್ಪು, ಇಲ್ಲಿ ಬಿಳಿ, ಇಲ್ಲೊಂದು ಗೆರೆ. ಅದು ಸರಿಯಾಗಿ ಕೂತ್ರೆ ಫೋಟೋ ಕೂತ ಹಾಗೆ. ಇದು ಹಾಗಿದೆ."

ಆ ಕ್ಯಾಮೆರಾನ ಸ್ಟುಡಿಯೋ ಬಾಗಿಲು ಹಾಕುವಾಗ ಯಾರಿಗೋ ಕೊಟ್ಟುಬಿಟ್ಟರು. ಬಟ್ಟೆ ಮಾತ್ರ ಈಗಲೂ ಇದೆ, ಅತ್ತೆ ಮಿಕ್ಸಿಗೆ ಹೊದಿಸಿದ್ದಾರೆ.

"ದೊಡ್ಡ ಕ್ಯಾಮೆರಾ ಇಲ್ದಿದ್ರೆ ಕಣ್ಣು ಕಿರಿದು ಮಾಡ್ಕೊಂಡು ನೋಡಬೇಕು" ಅಂದರು. "ಸಣ್ಣಪುಟ್ಟದ್ದೆಲ್ಲ ಉದುರಿಹೋಗುತ್ತೆ. ಉಳಿದಿದ್ದನ್ನ ತೆಗಿ."

ನಾನು ಅಲ್ಲೇ ಪ್ರಯೋಗ ಮಾಡಿದೆ. ಕಣ್ಣು ಅರ್ಧ ಮುಚ್ಚಿ ಹಿಂದಿನ ಫೋಟೋಗಳನ್ನೆಲ್ಲ ಓಡಿಸಿದೆ. ನಿಜ. ಐವತ್ತರಲ್ಲಿ ನಲವತ್ತೊಂಬತ್ತು ಬರೀ ಕಲಸಿದ ಉಪ್ಪಿಟ್ಟು. ಬಾಗಿದ ಸಸಿಯದು ಮಾತ್ರ ಹಾಗೇ ನಿಂತಿತ್ತು. ಖುಷಿಯಾಯ್ತು. ಎಷ್ಟು ಖುಷಿ ಅಂದರೆ ಬೇಡದ ಮಾತೊಂದು ಆಡಿಬಿಟ್ಟೆ. ಒಂದೇ ಬೇಜಾರು ಮಾಮ, ನೆರಳಲ್ಲೆಲ್ಲ ಮಂಜು ನೀಲಿ ನೀಲಿಯಾಗಿದೆ, ಬಿಸಿಲು ಬೀಳದ ಕಡೆ ಬರೀ ಆಕಾಶದ ಬೆಳಕು ಅಲ್ವಾ, ಅದನ್ನ ಸರಿ ಮಾಡಬೇಕೋ ಹಾಗೇ ಬಿಡಬೇಕೋ ಅಂತ ಕೇಳಿದೆ. ತೋರಿಸಿದ್ದು ಬಿಸಿಲಿದ್ದ ದಿನದ ಇನ್ನೊಂದು ಫೋಟೋ. ಅದರ ನೀಲಿ ಯಾರ ಕಣ್ಣಿಗಾದರೂ ಹೊಡೆಯುತ್ತೆ. ಸೀರೆ ಅಂಚಿನ ನೀಲಿ.

"ನೀಲಿ ಎಲ್ಲಿದ್ಯೋ?" ಅಂದರು ಮಾಮ. "ಕೆನೆ ಬಣ್ಣ ಅಲ್ವಾ? ಚೆನ್ನಾಗೇ ಇದೆ."

ನಾನು ಪರದೆ ಕಡೆ ನೋಡಿದೆ. ಅವರ ಮುಖ ನೋಡಿದೆ. ತಮಾಷೆ ಮಾಡ್ತಿರಲಿಲ್ಲ.

ಬಾಗಿಲ ತನಕ ಬಂದಾಗ ಅತ್ತೆ ಮೆತ್ತಗೆ ಹೇಳಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆ. ಗಟ್ಟಿಯಾಗಿದೆ, ಹಳದಿಯಾಗಿದೆ, ತೆಗೆಸಲೇಬೇಕು ಅಂದಿದ್ದಾರಂತೆ ಡಾಕ್ಟ್ರು. ದೀಪಾವಳಿ ಕಳೀಲಿ ಅಂದ್ರು, ಧನುರ್ಮಾಸ ಕಳೀಲಿ ಅಂದ್ರು, ಈಗ ಸಂಕ್ರಾಂತಿ ಕಳೀಲಿ ಅಂತಿದ್ದಾರೆ. ಮೊನ್ನೆ ಕಾಫಿ ಲೋಟದ ಪಕ್ಕಕ್ಕೇ ಬಗ್ಗಿಸಿದ್ರು. ರಾತ್ರಿ ಹೊತ್ತು ಎದುರಿಗೆ ಸ್ಕೂಟರ್ ಬಂದ್ರೆ ನಿಂತುಬಿಡ್ತಾರೆ. "ನೀನಾದ್ರೂ ಹೇಳಪ್ಪ" ಅಂದರು.

ವಾಪಸ್ ಒಳಗೆ ಹೋಗಿ ಹೇಳಿದೆ. ಅರ್ಧ ಗಂಟೆ ಕೆಲಸ ಮಾಮ, ಸಂಜೆಗೇ ಮನೆಗೆ ಬರ್ತೀರ, ಬಣ್ಣ ಎಲ್ಲ ಮೊದಲಿನ ಹಾಗೆ ಕಾಣುತ್ತೆ ಅಂತ. ಅದು ಪೊಳ್ಳು ಸಮಾಧಾನವಲ್ಲ. ಹಳದಿಯಾದ ಪೊರೆ ನೀಲಿಯನ್ನು ಒಳಗೆ ಬಿಡಲ್ಲ, ಅದನ್ನು ತೆಗೆದು ಬೇರೆ ಲೆನ್ಸ್ ಇಟ್ಟರೆ ನೀಲಿ ವಾಪಸ್ ಬರುತ್ತೆ. ಲೆನ್ಸ್ ಬದಲಾಯಿಸೋದು ಅಷ್ಟೇ, ನಿಮಗೆ ಗೊತ್ತಿಲ್ಲದ್ದಾ ಅಂದೆ.

"ಪಕ್ಕದ ಮನೆಯವರು ಮಾಡಿಸ್ಕೊಂಡ್ರಲ್ಲ" ಅಂದರು ಮಾಮ. "ಎದುರುಗಡೆ ಬೇವಿನ ಮರದಲ್ಲಿ ಒಂದೊಂದು ಎಲೆನೂ ಬಿಡಿಬಿಡಿಯಾಗಿ ಕಾಣುತ್ತಂತೆ. ಅಷ್ಟೊಂದು ಕಂಡು ನಾನು ಏನೋ ಮಾಡ್ಲಿ?"

ನನಗೆ ಉತ್ತರ ಹೊಳೆಯಲಿಲ್ಲ. ನಗಬೇಕೋ ಬೇಡವೋ ಅದೂ ಗೊತ್ತಾಗಲಿಲ್ಲ.

ಗಾಡಿ ಓಡಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಒಂದೇ ಹುಳ. ಆ ಫೋಟೋ ಚೆನ್ನಾಗಿದೆ ಅಂತ ನಿಲ್ಲಿಸಿದರಾ, ಅಥವಾ ಅವರಿಗೆ ಕಂಡದ್ದು ಅದೊಂದೇನಾ? ಮಿಕ್ಕ ನಲವತ್ತೊಂಬತ್ತನ್ನು ನೋಡಿ "ಮುಂದೆ" ಅಂದರಾ, ಕಾಣದೇ "ಮುಂದೆ" ಅಂದರಾ? ಕಣ್ಣು ಕಿರಿದು ಮಾಡಿ ನೋಡು ಅಂದರಲ್ಲ, ಅವರಿಗೆ ಈಗ ಕಿರಿದು ಮಾಡುವ ಕೆಲಸವೇ ಇಲ್ಲ.

ಆದರೆ ನಾನು ಕಣ್ಣು ಅರ್ಧ ಮುಚ್ಚಿ ನೋಡಿದಾಗಲೂ ಅದೇ ಉಳಿಯಿತಲ್ಲ. ಹಾಗಾದರೆ ಎರಡೂ ಒಂದೇನಾ? ಈಗ ಮತ್ತೆ ತೆಗೆದು ನೋಡಿದೆ. ಎಡಗಡೆಯ ದಪ್ಪ ಕಾಂಡ ಇನ್ನು ಒಂದು ಬೆರಳಿನಷ್ಟು ಆಚೆ ಇರಬೇಕಿತ್ತು. ಮೂಲೆಯಲ್ಲಿ ಒಂದು ಕಡ್ಡಿ ಇಣುಕುತ್ತಿದೆ, ಕತ್ತರಿಸಬೇಕು.

ಅಮ್ಮ ಬಂದು ಕಿಟಕಿ ಹಾಕಿದಳು. "ಮಂಜು ಬೀಳ್ತಿದೆ, ತಲೆಗೆ ಏನಾದ್ರೂ ಕಟ್ಕೋ" ಅಂತ. ಅಲ್ಲಿ ಬಿದ್ದದ್ದನ್ನೂ ಮಂಜು ಅಂತ ಬರೆದಿದ್ದೇನೆ, ಇವಳು ಹೇಳುವುದೂ ಮಂಜೇ. ಹಿಮ ಅಂದರೆ ಪಾಠದ ಪುಸ್ತಕ ಓದಿದ ಹಾಗಾಗುತ್ತೆ. ಮಾಮನಿಗೆ ಫೋನಿನಲ್ಲಿ "ಅಲ್ಲಿ ಸಿಕ್ಕಾಪಟ್ಟೆ ಮಂಜು" ಅಂದಾಗ ಅವರು, "ನಮ್ಮ ಕುಕ್ಕರಹಳ್ಳಿ ಕೆರೆಲೂ ಸಿಕ್ಕಾಪಟ್ಟೆ ಇದೆ, ಬೆಳಗ್ಗೆ ಏನೂ ಕಾಣಲ್ಲ" ಅಂದಿದ್ದರು. ಆಗ ನಕ್ಕಿದ್ದೆ. ಅವರು ಹೇಳಿದ್ದು ಕೆರೆಯ ಮಂಜನ್ನೋ, ಬೇರೆ ಮಂಜನ್ನೋ ಅಂತ ಈಗ ಅನುಮಾನ.

ಹೊರಡುವಾಗ ಮಾಮ ಒಂದು ಮಾತು ಹೇಳಿದರು, ಅತ್ತೆಗೆ ಕೇಳಿಸದ ಹಾಗೆ. ನಾಳೆ ಭಾನುವಾರ ಅಲ್ವಾ, ಬೆಳಗ್ಗೆ ಬೇಗ ಬಂದು ಕರ್ಕೊಂಡು ಹೋಗು, ಕೆರೆ ಏರಿ ಮೇಲೆ ಬಿದಿರು ಮೆಳೆ ಇದೆಯಲ್ಲ, ಅಲ್ಲಿ ಒಂದು ಫೋಟೋ ಇದೆ, ತೋರಿಸ್ತೀನಿ ಅಂತ. ಮುಮ್ಮಡಿಯವರು 1864ರಲ್ಲಿ ಕಟ್ಟಿಸಿದ ಕೆರೆ, ನಾನು ಸಾವಿರ ಸಲ ಸುತ್ತಿದ್ದೇನೆ, ಬಿದಿರಿನ ಹತ್ತಿರ ಒಂದು ಫೋಟೋನೂ ಸಿಕ್ಕಿಲ್ಲ. ಬಿದಿರಿನಷ್ಟು ಗೋಜಲು ಇನ್ನೊಂದಿಲ್ಲ. ಕತ್ತಲಲ್ಲಿ ಅವರನ್ನು ಹಿಂದೆ ಕೂರಿಸಿಕೊಂಡು ಹೋಗೋದು ಸರಿಯಾ? ಏರಿ ಮೇಲೆ ಬೇರು ಎಡವಿದರೆ? ಅತ್ತೆಗೆ ಹೇಳಿದರೆ ಬಿಡಲ್ಲ, ಹೇಳದೇ ಹೋದರೆ ನನಗೆ ಕಾದಿದೆ.

ಬ್ಯಾಟರಿ ಚಾರ್ಜಿಗೆ ಹಾಕಿದ್ದೇನೆ. ಅಲಾರಂ ಐದೂಕಾಲಕ್ಕೆ. ಅವರ ಸ್ವೆಟರ್ ಇದೆಯೋ ಇಲ್ಲವೋ, ಅಪ್ಪನ ಮಫ್ಲರ್ ಬೀರುವಿನಲ್ಲಿ ಎಲ್ಲೋ ಇರಬೇಕು, ಅಮ್ಮನನ್ನು ಕೇಳಿದರೆ ಯಾಕೆ ಅಂತ ಕೇಳ್ತಾಳೆ, ಆಮೇಲೆ ಅವಳು ಅತ್ತೆಗೆ ಹೇಳಿಬಿಟ್ಟರೆ...