ಸಾಣಿಕಟ್ಟಾದ ಉಪ್ಪು ಹುಡುಕಿಕೊಂಡು ಗೋಕರ್ಣಕ್ಕೆ

ಸಾಗರದ ನಮ್ಮ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಗೆ ಗೋಕರ್ಣದ ಬಳಿಯ ಸಾಣಿಕಟ್ಟಾದ ಹರಳುಪ್ಪನ್ನು ಬಿಟ್ಟು ಬೇರೆ ಉಪ್ಪನ್ನು ಅಮ್ಮ ಬಳಸಿದ್ದನ್ನು ನಾನು ಕಂಡಿಲ್ಲ. ಪೇಟೆಯ ಪುಡಿ ಉಪ್ಪಿನಲ್ಲಿ ಮಿಡಿ ಬೇಗ ಮೆತ್ತಗಾಗುತ್ತದೆ ಎಂಬುದು ಅವಳ ಖಚಿತ ಅಭಿಪ್ರಾಯ. ನಲವತ್ತು ವರ್ಷಗಳಿಂದ ಭರಣಿ ತುಂಬುತ್ತಿರುವ ಆ ಉಪ್ಪು ಹುಟ್ಟುವ ಜಾಗವನ್ನು ಒಮ್ಮೆಯಾದರೂ ನೋಡಬೇಕೆಂದು ಅವಳು ಹೇಳಿದ್ದರಿಂದ, ಕಳೆದ ಫೆಬ್ರುವರಿಯಲ್ಲಿ ಇಬ್ಬರೂ ಗೋಕರ್ಣಕ್ಕೆ ಹೋದೆವು. ಇಡೀ ದಿನ ಆತುರವಿಲ್ಲದೆ ಓಡಾಡುವುದು, ಹಸಿವಾದಾಗ ಆ ಊರಿನ ಅಡುಗೆಯನ್ನೇ ಉಣ್ಣುವುದು ಎಂದಷ್ಟೇ ನಿಶ್ಚಯಿಸಿಕೊಂಡಿದ್ದೆವು.

ಕ್ಷೇತ್ರದ ಕ್ರಮದಂತೆ ಮೊದಲು ಸಮುದ್ರಸ್ನಾನ, ಆಮೇಲೆ ಗಣಪತಿ, ಅನಂತರ ಮಹಾಬಲೇಶ್ವರನ ದರ್ಶನ. ಶಿವರಾತ್ರಿ ಹತ್ತಿರವಾಗಿದ್ದರಿಂದ ರಥಬೀದಿಯಲ್ಲಿ ಜನಸಂಚಾರ ಹೆಚ್ಚಾಗಿತ್ತು. ನಾವು ಉಳಿದುಕೊಂಡಿದ್ದ ಪುರೋಹಿತರ ಮನೆಗೆ ಮರಳುವ ಹೊತ್ತಿಗೆ ತೆಳ್ಳೇವು, ಅಂದರೆ ತೆಳುದೋಸೆ, ಸಿದ್ಧವಾಗಿತ್ತು. ಕಾವಲಿಯಿಂದ ಎತ್ತಿದೊಡನೆ ನಾಲ್ಕಾಗಿ ಮಡಚಿ ಬಾಳೆಯೆಲೆಗೆ ಹಾಕಿದ ತೆಳ್ಳೇವಿನ ಪದರಗಳ ನಡುವೆ ಜೋನಿಬೆಲ್ಲ ಇಳಿದು, ಅಂಚಿನಿಂದ ತುಪ್ಪದೊಡನೆ ಸೇರಿ ಜಿನುಗುತ್ತಿತ್ತು. ಅಮ್ಮ ಮೂರನೆಯದಕ್ಕೂ ಬೇಡವೆನ್ನಲಿಲ್ಲ.

ಬಿಸಿಲೇರುವ ಮೊದಲು ರಾಮತೀರ್ಥದ ಕಡೆಯಿಂದ ಗುಡ್ಡ ಹತ್ತಿ ಕುಡ್ಲೆಯತ್ತ ನಡೆದೆವು. ಉಪ್ಪುನೀರಿಗೆ ಇಷ್ಟು ಸಮೀಪದಲ್ಲಿ ಗುಡ್ಡದಿಂದ ಸಿಹಿನೀರು ಇಳಿದು ಬರುವುದನ್ನು ಕಂಡು ಅಮ್ಮ ಬೊಗಸೆಯಲ್ಲಿ ಕುಡಿದು ನೋಡಿದಳು. ಮೇಲೆ ಚಿರೆಕಲ್ಲಿನ ಬಯಲು, ಒಣಗಿದ ಹುಲ್ಲು, ಎಡೆಯಲ್ಲಿ ಗೇರುಮರಗಳು. ಅಲ್ಲಿಂದ ಕಾಣುವ ಕುಡ್ಲೆಯ ಅರ್ಧಚಂದ್ರಾಕಾರದ ತೀರವನ್ನು ನೋಡುತ್ತ ಅರ್ಧ ತಾಸು ಕುಳಿತೆವು. ಓಂ ತೀರದವರೆಗೆ ಹೋಗಲು ಅವಳ ಮಂಡಿ ಒಪ್ಪಲಿಲ್ಲ. ನನಗೂ ಅವಸರವಿರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಅಪ್ಪೆಹುಳಿ, ಬಸಳೆಯ ಹುಳಿ, ಹಲಸಿನ ಹಪ್ಪಳ. ಜೊತೆಗೆ ನಮಗಾಗಿಯೇ ಬೇಯಿಸಿದ ಕಗ್ಗದ ಗಂಜಿ. ಅಘನಾಶಿನಿ ನದಿಯ ಹಿನ್ನೀರಿನ ಗಜನಿ ಭೂಮಿಯಲ್ಲಿ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಂಡು ಬೆಳೆಯುವ ಈ ಕೆಂಪಕ್ಕಿಯನ್ನು ನಾನು ಉಂಡದ್ದು ಅದೇ ಮೊದಲು. ಗಂಜಿ ಮಂದವಾಗಿತ್ತು, ಅಗುಳು ಬೆಂದರೂ ತನ್ನ ಗಟ್ಟಿತನವನ್ನು ಬಿಟ್ಟಿರಲಿಲ್ಲ. ಕಟ್ಟೆ ಕಾಯುವ ಶ್ರಮಕ್ಕೆ ಹೆದರಿ ಕಗ್ಗ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ ಎಂದು ಮನೆಯೊಡತಿ ಹೇಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಇಂಥ ತಳಿ ಒಮ್ಮೆ ಕೈತಪ್ಪಿದರೆ ಆ ಗದ್ದೆಗಳಲ್ಲಿ ಬೇರೆ ಯಾವ ಭತ್ತ ನಿಂತೀತು?

ಮೂರೂವರೆಯ ಹೊತ್ತಿಗೆ ರಿಕ್ಷಾದಲ್ಲಿ ಸಾಣಿಕಟ್ಟಾ ತಲುಪಿದೆವು. ಉಪ್ಪಿನಾಗರವೆಂದರೆ ಕಣ್ಣು ಹಾಯುವವರೆಗೂ ಮಣ್ಣಿನ ಅಂಚುಗಳ ನಡುವೆ ಚೌಕಚೌಕವಾಗಿ ಹೊಳೆಯುವ ನೀರು. ಕಡಲಿನ ಭರತದ ವೇಳೆ ಒಳಗೆ ಬಿಟ್ಟುಕೊಂಡ ನೀರನ್ನು ಒಂದು ಮಡಿಯಿಂದ ಇನ್ನೊಂದಕ್ಕೆ ಹರಿಸುತ್ತ, ಬಿಸಿಲಿಗೆ ಸಾಂದ್ರವಾಗಿಸಿ, ಕೊನೆಗೆ ಜೇಡಿಮಣ್ಣನ್ನು ತುಳಿದು ಗಟ್ಟಿಮಾಡಿದ ಮಡಿಗಳಲ್ಲಿ ಹರಳುಗಟ್ಟಲು ಬಿಡುತ್ತಾರೆ. ಆ ನೆಲದ ಮಣ್ಣಿನಿಂದಲೇ ಉಪ್ಪಿಗೆ ನಸುಗಂದು ಛಾಯೆ. ಉದ್ದನೆಯ ಹಿಡಿಯ ಹಲಗೆಯಿಂದ ಹರಳನ್ನು ಅಂಚಿಗೆ ಎಳೆಯುತ್ತಿದ್ದವರೊಬ್ಬರು ನಮ್ಮನ್ನು ಕಂಡು ಕೆಲಸ ನಿಲ್ಲಿಸಿದರು.

“ನಲವತ್ತು ವರ್ಷದಿಂದ ನಿಮ್ಮ ಉಪ್ಪನ್ನೇ ಮಿಡಿಗೆ ಹಾಕುತ್ತಿದ್ದೇನೆ ಅಣ್ಣ,” ಎಂದಳು ಅಮ್ಮ.

“ಹಾಗಾದರೆ ನೋಡಿ ಅಮ್ಮ,” ಎಂದು ಅವರು ಆಗಷ್ಟೇ ಎಳೆದ ಒದ್ದೆ ಹರಳುಗಳನ್ನು ಅವಳ ಅಂಗೈಗೆ ಹಾಕಿದರು. ಕಡಲೆಕಾಳಿನಷ್ಟು ದಪ್ಪದ ಹರಳುಗಳು. ಬಿಸಿಲಿಗೆ ಹಿಡಿದರೆ ಒಳಗೆ ಮಣ್ಣಿನ ಬಣ್ಣದ ಮಬ್ಬು. ಅವಳು ಒಂದನ್ನು ನಾಲಗೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಅವರ ಹಿಮ್ಮಡಿಯ ಬಿರುಕುಗಳಲ್ಲಿ ಉಪ್ಪು ಬೆಳ್ಳಗೆ ಕೂತಿದ್ದನ್ನು ಅವಳೂ ಗಮನಿಸಿದ್ದಳೆಂದು ನನಗೆ ಆಮೇಲೆ ತಿಳಿಯಿತು.

ಸಂಜೆಯನ್ನು ತದಡಿಯಲ್ಲಿ ಕಳೆದೆವು. ಇಳಿತದ ನೀರಿನಲ್ಲಿ ಹೆಂಗಸರು ಬಾಗಿ ಬಳಚು ಎಂಬ ಚಿಪ್ಪುಜೀವಿಗಳನ್ನು ಆರಿಸುತ್ತಿದ್ದರು. ತಾರಿ ದೋಣಿ ಆಚೆ ದಡದ ಅಘನಾಶಿನಿ ಊರಿಗೆ ಹೊರಟಿತ್ತು. ಅಘನಾಶಿನಿ ನದಿಯ ಈ ಅಳಿವೆಗೆ 2024ರಲ್ಲಿ, ಜಾಗತಿಕ ಮಹತ್ವದ ಜೌಗುಭೂಮಿಗಳಿಗೆ ಕೊಡುವ ರಾಮ್ಸರ್ ತಾಣದ ಮನ್ನಣೆ ದೊರೆತಿದೆ. ಅಕ್ಕಿ, ಉಪ್ಪು, ಬಳಚು ಮೂರನ್ನೂ ಒಂದೇ ನೀರಿನಿಂದ ಪಡೆಯುವ ಇಲ್ಲಿನವರಿಗೆ ಅದರ ಬೆಲೆ ಮೊದಲಿನಿಂದಲೂ ಗೊತ್ತಿತ್ತು.

ಕೊಂಡಿದ್ದ ಹತ್ತು ಕಿಲೋ ಉಪ್ಪಿನ ಚೀಲವನ್ನು ದಂಡೆಯ ಮೇಲಿಟ್ಟು ಅಮ್ಮ ಊರಿಗೆ ಫೋನ್ ಮಾಡಿದಳು. ಹೊಳೆದಂಡೆಯ ಮರದಲ್ಲಿ ಮಿಡಿ ಎಷ್ಟು ದಪ್ಪವಾಗಿದೆ ಎಂದು ಅಪ್ಪನನ್ನು ಕೇಳಿ, ತಾನು ಬರುವವರೆಗೆ ಯಾರೂ ಕೊಯ್ಯಬಾರದೆಂದು ಎರಡು ಸಲ ಹೇಳಿದಳು.