ಬನಶಂಕರಿಯ ಬುಟ್ಟಿ ಊಟ

ಪ್ರವಾಸ ಎಂದರೆ ನನ್ನ ಗೆಳತಿಗೆ ಮೊದಲು ನೆನಪಾಗುವುದು ಹೋಟೆಲು. ಯಾವ ಊರಿನಲ್ಲಿ ಏನು ತಿನ್ನಬೇಕು, ಎಷ್ಟು ಹೊತ್ತಿಗೆ ಹೋದರೆ ಕೂರಲು ಜಾಗ ಸಿಗುತ್ತದೆ ಎಂಬುದೆಲ್ಲ ಹೊರಡುವ ಮೊದಲೇ ಅವಳ ಮೊಬೈಲಿನಲ್ಲಿ ಸಿದ್ಧವಿರುತ್ತದೆ. ಆ ಪಟ್ಟಿಯ ದಯೆಯಿಂದ ನಾನು ದಾವಣಗೆರೆಯಲ್ಲಿ ಬೆಣ್ಣೆ ದೋಸೆ, ಉಡುಪಿಯಲ್ಲಿ ಗಡ್‌ಬಡ್ ಐಸ್‌ಕ್ರೀಮ್ ಎಲ್ಲ ಚೆನ್ನಾಗಿಯೇ ತಿಂದಿದ್ದೇನೆ, ದೂರುವಂತಿಲ್ಲ. ಬಾದಾಮಿಯ ಹೆಸರಿನ ಮುಂದೆ ಮಾತ್ರ ಪಟ್ಟಿ ಖಾಲಿ ಇತ್ತು. ಅದು ಗುಹೆ ನೋಡುವ ಊರು, ಊಟದ ಊರಲ್ಲ ಎಂದು ತೀರ್ಪು ಕೊಟ್ಟು ಬ್ರೆಡ್ಡು, ಬಾಳೆಹಣ್ಣುಗಳನ್ನು ಚೀಲಕ್ಕೆ ತುರುಕಿದಳು.

ಮೈಸೂರಿನಿಂದ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮರುದಿನ ಬೆಳಗ್ಗೆ ಬಾದಾಮಿಯಲ್ಲಿ ಇಳಿದೆವು. ಎರಡನೆಯ ಗುಹೆಯ ಮೆಟ್ಟಿಲಿನಲ್ಲೇ ಒಂದು ಕೋತಿ ಬಂದು, ಕಂದಾಯ ವಸೂಲಿಗೆ ಬಂದವರ ಗತ್ತಿನಲ್ಲಿ, ಬಾಳೆಹಣ್ಣಿನ ಚಿಪ್ಪನ್ನು ಚೀಲದ ಸಮೇತ ಒಯ್ದಿತು. ಬ್ರೆಡ್ಡೂ ಅದರಲ್ಲೇ ಇತ್ತು. ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು; 578ರಲ್ಲಿ ಚಾಲುಕ್ಯರ ಮಂಗಳೇಶ ಅದನ್ನು ಕಡೆಸಿದ ಸಂಗತಿ ಅಲ್ಲಿನ ಶಾಸನದಲ್ಲೇ ಇದೆ. ಅನಂತನ ಸುರುಳಿಯ ಮೇಲೆ ಆರಾಮಾಗಿ ಕುಳಿತ ವಿಷ್ಣುವನ್ನು ನಾವು ಹಸಿದ ಹೊಟ್ಟೆಯಲ್ಲೇ ನೋಡಿ ಇಳಿದೆವು. ಗುಹೆಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಊಟಕ್ಕೆ ಬರುತ್ತೇನೆ.

ಬಾದಾಮಿಯಿಂದ ಬನಶಂಕರಿ ದೇವಸ್ಥಾನಕ್ಕೆ ಐದು ಕಿಲೋಮೀಟರ್ ಆಸುಪಾಸು. ಗುಡಿಯ ಎದುರಿಗೆ ಹರಿದ್ರಾ ತೀರ್ಥವೆಂಬ ದೊಡ್ಡ ಹೊಂಡ, ಅದರ ದಡದುದ್ದಕ್ಕೂ ಕಲ್ಲಿನ ಮಂಟಪದ ಸಾಲು. ಆ ಬದಿಯಲ್ಲಿ ಇಳಕಲ್ ಸೀರೆ ಉಟ್ಟ ಹೆಂಗಸರು ಬುಟ್ಟಿಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ನಾನು ಹೂವು, ಕಾಯಿ ಇರಬಹುದೆಂದುಕೊಂಡೆ. ಒಬ್ಬಾಕೆ ಬಟ್ಟೆ ಸರಿಸಿದರು. ಒಂದರ ಮೇಲೊಂದು ಒಟ್ಟಿದ ಬಿಳಿ ಜೋಳದ ರೊಟ್ಟಿಗಳು. ಬೋರ್ಡಿಲ್ಲ, ಮೇಜಿಲ್ಲ, ಏನೇನಿದೆ ಎಂದು ಕೇಳುವ ಪ್ರಮೇಯವೂ ಇಲ್ಲ. ಕೂರಿ ಎಂದರು, ಕಲ್ಲಿನ ಮೇಲೆ ಕುಳಿತೆವು.

ಕಾಗದದ ತಟ್ಟೆಗೆ ಮೊದಲು ಎರಡು ರೊಟ್ಟಿ ಬಿತ್ತು. ಒಂದು ಬೆಳಗಿನ ಮೆತ್ತನೆಯದು, ಇನ್ನೊಂದು ಕಡಕ್. ಅದರ ಪಕ್ಕದಲ್ಲಿ ಬದನೆಕಾಯಿ ಎಣ್ಣೆಗಾಯಿ. ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕು ಸೀಳಿ, ಶೇಂಗಾ, ಎಳ್ಳು, ಖಾರ ತುಂಬಿ ಬೇಯಿಸಿದ್ದು. ಬೆರಳು ಒತ್ತಿದರೆ ಎಣ್ಣೆ ಒಸರುತ್ತಿತ್ತು. ಆಮೇಲೆ ಪುಂಡಿ ಪಲ್ಯ. ಹುಳಿ ಸೊಪ್ಪಿಗೆ ಜೋಳದ ನುಚ್ಚು ಸೇರಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟದ್ದು. ಮೊಳಕೆ ಬಂದ ಮಡಿಕೆ ಕಾಳು, ಶೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಚಟ್ನಿಪುಡಿ, ಗುರೆಳ್ಳು ಹಿಂಡಿ, ಕಣ್ಣಲ್ಲಿ ನೀರು ಬರಿಸುವ ಕೆಂಪು ಖಾರ. ಪುಟ್ಟ ಮಣ್ಣಿನ ಗಡಿಗೆಯಲ್ಲಿ ಮೊಸರು. ಮೇಲಿನ ಕೆನೆಯನ್ನು ಒಡೆದರೆ ಒಳಗೆ ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿ. ಕೊನೆಗೆ ಒಂದು ಈರುಳ್ಳಿಯನ್ನು ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಒಂದೇ ಏಟಿಗೆ ಜಜ್ಜಿ ಕೊಟ್ಟರು. ಹೆಚ್ಚಿದ ಈರುಳ್ಳಿಯ ರುಚಿ ಬೇರೆ, ಇದರ ರುಚಿ ಬೇರೆ.

ಗೆಳತಿ ಮೊಬೈಲು ತೆಗೆದು ಫೋಟೊಗೆ ಸಿದ್ಧಳಾದಳು. ಊಟ ಮಾಡಿ ಆಮೇಲೆ ತೆಗೆಯಿರಿ ಎಂದು ಆಕೆ ಗದರಿದರು. ಅನ್ನ, ಸಾರು ಉಂಡು ಬೆಳೆದ ನಮ್ಮ ಕೈಗೆ ಕಡಕ್ ರೊಟ್ಟಿ ಪಳಗಿರಲಿಲ್ಲ. ಅದನ್ನು ಮುರಿದು, ಮೊಸರಿನಲ್ಲಿ ಅದ್ದಿ, ಹಿಂಡಿ ಹಚ್ಚಿ, ಪೂರ್ತಿ ಮೆತ್ತಗಾಗುವ ಮೊದಲೇ ಬಾಯಿಗಿಡಬೇಕೆಂದು ಅವರೇ ತೋರಿಸಿದರು. ಕೋಳಿ ಕೂಗುವ ಮೊದಲೇ ಎದ್ದು ಮನೆಯ ಒಲೆಯಲ್ಲಿ ಇಷ್ಟನ್ನೂ ಮಾಡಿ, ಬುಟ್ಟಿಗೆ ತುಂಬಿಕೊಂಡು ಹಳ್ಳಿಯಿಂದ ಬರುತ್ತಾರಂತೆ. ಬುಟ್ಟಿ ಖಾಲಿಯಾದರೆ ಮನೆಗೆ, ಅಷ್ಟೇ.

ಗುಡಿಯ ಒಳಗಿರುವವಳು ಶಾಕಾಂಬರಿ. ಬರಗಾಲದಲ್ಲಿ ಲೋಕಕ್ಕೆ ಸೊಪ್ಪು ತರಕಾರಿ ಕೊಟ್ಟು ಸಾಕಿದವಳು ಎಂದು ಕಥೆ. ಬನದ ಹುಣ್ಣಿಮೆಯ ಜಾತ್ರೆಗೆ ಮೊದಲು ಅವಳಿಗೆ 108 ಬಗೆಯ ಪಲ್ಯಗಳ ನೈವೇದ್ಯ ಮಾಡುತ್ತಾರೆ. ಅದಕ್ಕೆ ಪಲ್ಯದ ಹಬ್ಬವೆಂದೇ ಹೆಸರು. ಜಾತ್ರೆಗೆ ಬನ್ನಿ ಎಂದು ಆಕೆ ಕರೆದರು. ಕರೆದು, ಆಗ ಮಾತ್ರ ಹೀಗೆ ಎರಡನೆಯ ಸಲ ಪಲ್ಯ ಹಾಕಲು ನನಗೆ ಪುರುಸೊತ್ತಿರುವುದಿಲ್ಲ ಎಂದೂ ಸೇರಿಸಿದರು.

ಉತ್ತರ ಕರ್ನಾಟಕದ ಊಟ ಎಂಬ ಫಲಕ ಹಾಕಿದ ಹೋಟೆಲುಗಳು ಈಗ ಬೆಂಗಳೂರಿನ ಬಡಾವಣೆಗಳಲ್ಲೂ ಇವೆ. ನಾನು ಅಲ್ಲಿಯೂ ತಿನ್ನುತ್ತೇನೆ, ರುಚಿಯಾಗಿಯೇ ಇರುತ್ತದೆ. ಆದರೆ ಈ ಅಡುಗೆಯ ಜಾಣತನ ತಿಳಿಯಬೇಕಾದರೆ ಹೊರಗೆ ಕುಳಿತೇ ಉಣ್ಣಬೇಕು ಎನ್ನುವುದು ನನ್ನ ವಾದ. ಇದು ಮೂಲತಃ ಬುತ್ತಿ. ಹೊಲಕ್ಕೆ, ಸಂತೆಗೆ, ಜಾತ್ರೆಗೆ ಕಟ್ಟಿಕೊಂಡು ಹೋಗಲೆಂದೇ ಹುಟ್ಟಿದ ಊಟ. ತಟ್ಟೆಯನ್ನು ಇನ್ನೊಮ್ಮೆ ನೋಡಿ: ಚೆಲ್ಲುವಂಥದ್ದು ಒಂದೂ ಇಲ್ಲ, ಬಿಸಿಯಾಗಿಯೇ ಉಣ್ಣಬೇಕೆಂಬ ಹಟದ್ದೂ ಇಲ್ಲ. ಹಿಂಡಿ ಒಣಗಿದ್ದು, ಕೆಡುವುದಿಲ್ಲ. ಕಡಕ್ ರೊಟ್ಟಿ ವಾರಗಟ್ಟಲೆ ಇರುತ್ತದೆ. ಎಣ್ಣೆಗಾಯಿ ಆರಿದಷ್ಟೂ ಮಸಾಲೆ ಹೀರಿಕೊಳ್ಳುತ್ತದೆ. ಎಳ್ಳಮಾವಾಸ್ಯೆಯ ದಿನ ಆ ಕಡೆಯವರು ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಬೆಳೆಯ ನಡುವೆಯೇ ಕುಳಿತು ಉಣ್ಣುತ್ತಾರೆ. ಅದನ್ನು ಗಾಜಿನ ಬಾಗಿಲಿನ ಒಳಗೆ, ಫ್ಯಾನಿನ ಕೆಳಗೆ, ರೋಟಿ ಕರಿ ಬಡಿಸುವ ಕ್ರಮದಲ್ಲಿ ತಂದಿಟ್ಟರೆ ಅರ್ಧ ಸ್ವಾರಸ್ಯ ಹೋಯಿತು.

ರೊಟ್ಟಿ ಆಗುವುದನ್ನು ನೋಡಿದ್ದು ಅಂದು ರಾತ್ರಿ, ಬಾದಾಮಿ ಪೇಟೆಯ ಒಂದು ಸಣ್ಣ ಖಾನಾವಳಿಯಲ್ಲಿ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಬಿರುಕು ಬಿಡುತ್ತದೆ. ಅದಕ್ಕೇ ಕುದಿಯುವ ಎಸರು ಹಾಕಿ ಕಲಸುತ್ತಾರೆ. ಬಿಸಿಗೆ ಹಿಟ್ಟಿನ ಪಿಷ್ಟ ಅಂಟಾಗಿ ಹಿಡಿದುಕೊಳ್ಳುತ್ತದೆ. ಅಡುಗೆಯಾಕೆ ಲಟ್ಟಣಿಗೆ ಮುಟ್ಟಲಿಲ್ಲ. ಬಲಗೈಯಲ್ಲಿ ಬಡಿಯುತ್ತ, ಎಡಗೈಯಲ್ಲಿ ತಿರುಗಿಸುತ್ತ ಹೋದಂತೆ ಉಂಡೆ ಅಗಲವಾಯಿತು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈಯನ್ನು ಒಮ್ಮೆ ಸವರಿ, ಮಗುಚಿ, ಕೆಂಡದ ಮಗ್ಗುಲಿಗೆ ಒರಗಿಸಿದರು. ಉಬ್ಬಿತು. ಇಷ್ಟಕ್ಕೂ ಎಷ್ಟು ಹೊತ್ತು ಹಿಡಿಯಿತೆಂದರೆ, ಗೆಳತಿ ಬೇಯುವುದನ್ನು ಚಿತ್ರೀಕರಿಸಲು ಮೊಬೈಲಿನ ಬೀಗ ತೆಗೆಯುವಷ್ಟರಲ್ಲಿ ರೊಟ್ಟಿ ಪಕ್ಕದ ಮೇಜಿನವರ ತಟ್ಟೆಯಲ್ಲಿತ್ತು.

ಮರುದಿನ ಪಟ್ಟದಕಲ್ಲು, ಐಹೊಳೆ ಮುಗಿಸಿ, ಒಂದು ಕಟ್ಟು ಕಡಕ್ ರೊಟ್ಟಿ, ಒಂದು ಪೊಟ್ಟಣ ಶೇಂಗಾ ಹಿಂಡಿ ಕೊಂಡು ರೈಲು ಹತ್ತಿದೆವು. ಗದಗ ದಾಟಿದ ಮೇಲೆ ಬಿಚ್ಚಿದೆವು. ಎದುರಿನ ಸೀಟಿನಲ್ಲಿದ್ದ ಹಿರಿಯರಿಗೂ ಒಂದು ಕೊಟ್ಟೆವು. ಅವರು ತುಂಡು ಮುರಿದು, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿ, ರೊಟ್ಟಿ ಅಡ್ಡಿಯಿಲ್ಲ ಎಂದರು. ಹಿಂಡಿಯ ರುಚಿ ನೋಡಿ ಮುಖ ಹುಳ್ಳಗೆ ಮಾಡಿ, ಬೆಳ್ಳುಳ್ಳಿ ಕಡಿಮೆ ಎಂದರು. ನಂತರ ತಮ್ಮ ಕೈಚೀಲದಿಂದ ಸ್ಟೀಲ್ ಡಬ್ಬಿ ತೆಗೆದು, ಸೊಸೆ ಕುಟ್ಟಿದ ಅಗಸೆ ಹಿಂಡಿಯನ್ನು ನಮ್ಮ ರೊಟ್ಟಿಯ ಮೇಲೆ ಸುರಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಗೆಳತಿ ಅಳತೆ ಕೇಳಿ ಮೊಬೈಲಿನಲ್ಲಿ ಬರೆದುಕೊಳ್ಳಲು ಕುಳಿತಳು. ಅವರು ಅಳತೆಗಿಳತೆ ಗೊತ್ತಿಲ್ಲವೆಂದು ನೇರವಾಗಿ ಸೊಸೆಗೇ ಫೋನು ಹಚ್ಚಿ ಅವಳ ಕೈಗೆ ಕೊಟ್ಟರು. ಹುಬ್ಬಳ್ಳಿ ಬರುವವರೆಗೂ ಆ ಮಾತು ಮುಗಿಯಲಿಲ್ಲ.